ಲೀಟ್ರಿಮ್ ಯಾಕೆ ಕಿಲ್ಕೆನಿ ಜೊತೆ ಆಡಲ್ಲ?

ಹರ್ಲಿಂಗ್ ಅಂದ್ರೆ ಕೋಲಿನಿಂದ ಸಣ್ಣ ಚೆಂಡು ಹೊಡೆಯುವ ಐರ್ಲೆಂಡಿನ ಆಟ. ಅದರಲ್ಲಿ ಲೀಟ್ರಿಮ್ ಕೌಂಟಿಯ (ಅಲ್ಲಿನ ಜಿಲ್ಲೆ) ತಂಡ ಕಿಲ್ಕೆನಿ ಕೌಂಟಿ ಜೊತೆ ಯಾಕೆ ಆಡಲ್ಲ, ಐರ್ಲೆಂಡಿನ ಕಪ್‌ನಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್‌ಗೆ ಏನು ಕೆಲಸ ಅಂತ ಕೇಳಿದ್ದೀರಿ.

ಹರ್ಲಿಂಗ್ ಎಲ್ಲ ಕೌಂಟಿಗಳಲ್ಲೂ ಒಂದೇ ಮಟ್ಟದಲ್ಲಿಲ್ಲ. ಕಿಲ್ಕೆನಿಯಲ್ಲಿ ಅದೇ ಉಸಿರು. ಲೀಟ್ರಿಮ್, ಕ್ಯಾವನ್ ಕಡೆ ಫುಟ್‌ಬಾಲ್ ಹುಚ್ಚೇ ಜಾಸ್ತಿ, ಅದೂ ಅವರದ್ದೇ ಗೇಲಿಕ್ ಫುಟ್‌ಬಾಲ್. ಹರ್ಲಿಂಗ್ ಕ್ಲಬ್‌ಗಳು ಬೆರಳೆಣಿಕೆಯಷ್ಟು. ದೊಡ್ಡವರ ಎದುರು ನಿಲ್ಲಿಸಿದರೆ ಸುಮ್ನೆ ಚಚ್ಚಿಸಿಕೊಂಡು ಬರಬೇಕು, ಅಲ್ವಾ? ಅದಕ್ಕೇ ತಂಡಗಳ ಮಟ್ಟಕ್ಕೆ ತಕ್ಕಂತೆ ಐದು ಹಂತದ ಕಪ್‌ಗಳನ್ನು ಮಾಡಿದ್ದಾರೆ. ಮೇಲಿನದು ಲಿಯಾಮ್ ಮೆಕಾರ್ತಿ ಕಪ್. ಕೊನೆಯದು 2009ರಲ್ಲಿ ಶುರುವಾದ ಲೋರಿ ಮಹರ್ ಕಪ್. ತಮಾಷೆ ನೋಡಿ, ಆ ಹೆಸರು ಕಿಲ್ಕೆನಿಯ ಹಳೇ ಆಟಗಾರನದ್ದು!

ಲ್ಯಾಂಕಶೈರ್ ವಿಷಯ ಸರಳ. ವಲಸೆ ಹೋದ ಐರಿಷ್ ಜನ ಅಲ್ಲಿ ಆಟ ಉಳಿಸಿಕೊಂಡಿದ್ದಾರೆ. 2018ರಲ್ಲಿ ಲೋರಿ ಮಹರ್ ಕಪ್‌ನ ಫೈನಲ್‌ಗೂ ಬಂದರು, ಆದರೆ ಸ್ಲೈಗೋ ಕೌಂಟಿಗೆ ಸೋತರು.

ಈ ಕಪ್ ಸಪ್ಪೆ ಅಂದುಕೊಳ್ಳಬೇಡಿ. 2019ರ ಫೈನಲ್ ಹುಡುಕಿ ನೋಡಿ. ಹೆಚ್ಚುವರಿ ಸಮಯಕ್ಕೆ ಹೋಗಿ, ಲೀಟ್ರಿಮ್ ಒಂದೇ ಒಂದು ಪಾಯಿಂಟ್‌ನಿಂದ ಲ್ಯಾಂಕಶೈರನ್ನು ಸೋಲಿಸಿತು. ಆ ತಂಡದಲ್ಲಿದ್ದ ಝಾಕ್ ಮೊರಾದಿ ಹುಟ್ಟಿದ್ದು ಇರಾಕಿನ ನಿರಾಶ್ರಿತರ ಶಿಬಿರದಲ್ಲಿ, ಕುರ್ದಿಷ್ ಕುಟುಂಬದಲ್ಲಿ. ಆ ಫೈನಲ್ ಆಡಿದ್ದು ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ, ದೊಡ್ಡವರ ಫೈನಲ್ ನಡೆಯುವ ಅದೇ ಮೈದಾನ.