ಕಾವಲಿ ಉಂಟಲ್ಲ, ಪ್ಯಾನ್‌ಕೇಕಿಗೆ ಅದೇ ಸಾಕು

ಪ್ರಶ್ನೆ: ಮಕ್ಕಳು ಮಂಗಳೂರಿನ ಮಾಲ್‌ನಲ್ಲಿ ಒಮ್ಮೆ ಪ್ಯಾನ್‌ಕೇಕ್ ತಿಂದು ಬಂದ ಮೇಲೆ ಮನೆಯಲ್ಲೂ ಅದೇ ಬೇಕು ಅಂತ ಹಠ. ರೆಡಿಮಿಕ್ಸ್ ಪ್ಯಾಕೆಟ್ ತಂದು ಎರಡು ಸಲ ಮಾಡಿದೆ, ಎರಡು ಸಲವೂ ಹೊರಗೆ ಕಪ್ಪು, ಒಳಗೆ ಹಸಿ ಹಿಟ್ಟು. ನೀರುದೋಸೆ ಕಣ್ಣುಮುಚ್ಚಿ ಮಾಡುವವಳು ನಾನು, ಇದು ಯಾಕೆ ಬರ್ತಿಲ್ಲ? ಪ್ಯಾಕೆಟಿಗೆ ಅಷ್ಟು ದುಡ್ಡು ಹಾಕದೆ ಮಾಡ್ಲಿಕ್ಕೆ ಆಗುದಿಲ್ವಾ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ನೀರುದೋಸೆ ಕಣ್ಣುಮುಚ್ಚಿ ಮಾಡ್ತೇನೆ ಅಂದ್ರಲ್ಲ ಅಕ್ಕ, ವಿಷಯ ಇರುವುದು ಅಲ್ಲೇ. ನಮ್ಮ ಕೈಗೆ ಅದರದ್ದೇ ಅಭ್ಯಾಸ. ಕಾವಲಿ ಚೆನ್ನಾಗಿ ಕಾಯ್ಬೇಕು, ನೀರಿನ ಹಾಗಿರುವ ಹಿಟ್ಟು ಚೊಂಯ್ ಅಂತ ಬೀಳ್ಬೇಕು, ಮುಚ್ಚಳ ಮುಚ್ಚಿ ಒಂದು ಗಳಿಗೆಯಲ್ಲಿ ತೆಗೀಬೇಕು, ಮಗುಚುವ ಮಾತೇ ಇಲ್ಲ. ಪ್ಯಾನ್‌ಕೇಕಿನದ್ದು ಪೂರ್ತಿ ಉಲ್ಟಾ. ಹಿಟ್ಟು ಇಡ್ಲಿ ಹಿಟ್ಟಿನಷ್ಟು ದಪ್ಪ, ಬೆಂಕಿ ಸಣ್ಣ, ಮೇಲಿಂದ ಅದರಲ್ಲಿ ಸಕ್ಕರೆ ಬೇರೆ ಉಂಟು. ಬಿಸಿ ಜಾಸ್ತಿ ಆದ್ರೆ ಸಕ್ಕರೆ ಬೇಗ ಕರಟಿ ಹೊರಗೆ ಕಪ್ಪಾಗ್ತದೆ, ದಪ್ಪ ಇರುವ ಕಾರಣ ಒಳಗಿಗೆ ಬಿಸಿ ಮುಟ್ಟುವುದೇ ಇಲ್ಲ. ಎರಡು ಸಲವೂ ಆದದ್ದು ಇದೇ ಇರ್ಬೇಕು, ನಿಮ್ಮ ಕೈಯ ತಪ್ಪಲ್ಲ.

ಪ್ಯಾಕೆಟ್ ಖಂಡಿತ ಬೇಡ. ಅದರ ಹಿಂಬದಿ ಓದಿ ನೋಡಿ, ಹೆಚ್ಚಿನದ್ರಲ್ಲಿ ಇರುವುದು ಮೈದಾ, ಸಕ್ಕರೆ, ಉಬ್ಬಿಸುವ ಪುಡಿ, ಉಪ್ಪು, ಎಲ್ಲ ನಿಮ್ಮ ಡಬ್ಬಿಯಲ್ಲೇ ಇರುವಂಥದ್ದು. ಒಂದು ಕಪ್ ಮೈದಾ ಅಂದ್ರೆ ಸುಮಾರು 125 ಗ್ರಾಂ, ಅಂದ್ರೆ ಒಂದು ಕಿಲೋ ಪ್ಯಾಕೆಟಲ್ಲಿ 8 ಸಲ ಮಾಡ್ಬಹುದು, ಒಂದೊಂದು ಸಲಕ್ಕೆ ಅಂಗೈ ಅಗಲದ್ದು ಎಂಟು ಹತ್ತು ಬರ್ತದೆ. ಆ ಒಂದು ಕಪ್ಪಿಗೆ 2 ಟೀಸ್ಪೂನ್ ಬೇಕಿಂಗ್ ಪೌಡರ್, 1 ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಜರಡಿ ಹಿಡೀರಿ. ಬೇರೆ ಪಾತ್ರೆಯಲ್ಲಿ ಒಂದು ಮೊಟ್ಟೆ, ಮುಕ್ಕಾಲು ಕಪ್ ಹಾಲು, 2 ಚಮಚ ಕರಗಿಸಿದ ಬೆಣ್ಣೆ ಕಲಸಿ ಇದಕ್ಕೆ ಹೊಯ್ಯಿರಿ, ದಪ್ಪ ಅನ್ನಿಸಿದ್ರೆ ಮಾತ್ರ ಇನ್ನೊಂಚೂರು ಹಾಲು. ಬೆಣ್ಣೆ ಇಲ್ವಾ, ತೆಂಗಿನೆಣ್ಣೆ ಹಾಕಿ, ನಮ್ಮ ಮನೆಯಲ್ಲಿ ಅದೇ, ಆ ಪರಿಮಳ ನನಗೆ ಬೆಣ್ಣೆಗಿಂತ ಇಷ್ಟ.

ಇನ್ನು ಕಲಸುವುದು. ಇದೊಂದು ದಯವಿಟ್ಟು ಕೇಳಿ. ಗಂಟು ಪೂರ್ತಿ ಹೋಗ್ಲಿ ಅಂತ ಬೀಟರ್ ಹಾಕಿ ತಿರುಗಿಸ್ಬೇಡಿ. ಮೈದಾಕ್ಕೆ ನೀರಂಶ ಬಿದ್ದು ಕಲಸಿದಷ್ಟೂ ಅದರ ಗ್ಲುಟೆನ್ ಅಂಟಂಟಾಗಿ ಬಿಗೀತದೆ, ಪರೋಟಕ್ಕೆ ನಾದುವಾಗ ನಮಗೆ ಬೇಕಾದದ್ದು ಅದು, ಇಲ್ಲಿ ಅದಾದ್ರೆ ಪ್ಯಾನ್‌ಕೇಕ್ ರಬ್ಬರಿನ ಹಾಗೆ. ಹತ್ತು ಹನ್ನೆರಡು ಸುತ್ತು ತಿರುಗಿಸಿ, ಒಣ ಹಿಟ್ಟು ಕಾಣದಿದ್ರೆ ಸಾಕು, ಸಣ್ಣ ಸಣ್ಣ ಗಂಟು ಇರ್ಲಿ, ಹತ್ತು ನಿಮಿಷ ಹಾಗೇ ಬಿಡಿ.

ಕಾವಲಿಗೆ ಎಣ್ಣೆ ಸವರಿದ ಮೇಲೆ ಬಟ್ಟೆಯಲ್ಲಿ ಒರೆಸಿ ತೆಗೀರಿ, ಎಣ್ಣೆ ನಿಂತ್ರೆ ಬಣ್ಣ ಒಂದೇ ಸಮ ಬರುದಿಲ್ಲ. ಒಂದು ಸಣ್ಣ ಸೌಟು ಹಿಟ್ಟು ಹಾಕಿ ಕೈ ತೆಗ್ದುಬಿಡಿ, ಹರಡ್ಲಿಕ್ಕೆ ಹೋಗ್ಬೇಡಿ, ಅದೇ ಅಷ್ಟಕ್ಕೆ ಹರಡ್ತದೆ. ಈಗ ಅಲ್ಲೇ ನಿಂತು ನೋಡಿ. ಮೊದಲು ಅಂಚಿನಲ್ಲಿ ಒಂದೆರಡು ಗುಳ್ಳೆ ಬರ್ತದೆ, ಆಮೇಲೆ ನಡುವಿಗೂ ಬರ್ತದೆ, ಆ ಗುಳ್ಳೆ ಒಡೆದು ತೂತು ಮುಚ್ಚದೆ ಹಾಗೇ ಉಳೀಬೇಕು, ಓಡುದೋಸೆಯಲ್ಲಿ ಕಾಣ್ತದಲ್ಲ ಹಾಗೆ, ಅಂಚಿನ ಹೊಳಪು ಹೋಗಿ ಒಣಗಿದ ಹಾಗಾಗ್ಬೇಕು. ಆಗ ಒಂದೇ ಸಲ ಮಗುಚಿ. ಸಟ್ಟುಗದಲ್ಲಿ ಒತ್ತಬೇಡಿ, ಒತ್ತಿದ್ರೆ ಒಳಗಿನ ಗಾಳಿ ಎಲ್ಲ ಹೋಯ್ತು. ಮೊದಲನೆಯದ್ದು ಚೆಂದ ಬರದಿದ್ರೆ ಬೇಜಾರು ಬೇಡ, ಅದು ಕಾವಲಿಯ ಬಿಸಿ ಗೊತ್ತಾಗ್ಲಿಕ್ಕೆ.

ಮೇಪಲ್ ಸಿರಪ್ ಬಗ್ಗೆ ನೀವು ಕೇಳ್ಲಿಲ್ಲ, ಮಕ್ಕಳು ಕೇಳಿಯೇ ಕೇಳ್ತಾರೆ. ಅದು ಕೆನಡಾ ಕಡೆಯ ಮೇಪಲ್ ಮರದ ರಸ, ಒಂದು ಲೀಟರ್ ಸಿರಪ್ಪಿಗೆ ಸುಮಾರು 40 ಲೀಟರ್ ರಸ ಕುದಿಸ್ಬೇಕು, ಹಾಗಾಗಿ ಆ ಕ್ರಯ. ನಮ್ಮ ಓಲೆಬೆಲ್ಲ ಕೂಡ ಮರದ ರಸ ಕುದಿಸಿ ಮಾಡಿದ್ದೇ ಅಲ್ವಾ! ಒಂದು ತುಂಡು ಸ್ವಲ್ಪ ನೀರಲ್ಲಿ ಕರಗಿಸಿ, ಸೋಸಿ, ಎರಡು ಕುದಿ ಬರಿಸಿ, ಬಿಸಿ ಇರುವಾಗ ಮೇಲಿಂದ ಹೊಯ್ಯಿರಿ.

ಪ್ರಶ್ನೆ: ಮಣಿಪಾಲದ ಪಿಜಿಯಲ್ಲಿದ್ದೇನೆ, ಇಂಡಕ್ಷನ್ ಒಂದು, ನಾನ್‌ಸ್ಟಿಕ್ ಪ್ಯಾನ್ ಒಂದು. ಮೊಟ್ಟೆ ತಿನ್ನುದಿಲ್ಲ. ಹೋದ ವರ್ಷದ ಬೇಕಿಂಗ್ ಪೌಡರ್ ಹಾಕಿ ಮಾಡಿದ್ರೆ ಚಪಾತಿ ಹಾಗೆ ಚಪ್ಪಟೆ ಬಂತು, ಮೊಟ್ಟೆ ಇಲ್ಲದ್ದಕ್ಕೆ ಹೀಗಾ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಮೊಟ್ಟೆ ಅಲ್ಲ ಮಗಾ, ನನಗೆ ಡೌಟ್ ಇರುವುದು ಆ ಡಬ್ಬಿಯ ಮೇಲೆ. ಬೇಕಿಂಗ್ ಪೌಡರ್ ಅಂದ್ರೆ ಸೋಡಾ, ಒಂದು ಒಣ ಆಮ್ಲ, ಎರಡನ್ನೂ ಒಣಗಿಸಿ ಇಡ್ಲಿಕ್ಕೆ ಸ್ವಲ್ಪ ಕಾರ್ನ್‌ಫ್ಲೋರ್, ಒದ್ದೆ ಆದ ಕೂಡ್ಲೆ ಒಂದಕ್ಕೊಂದು ಸೇರಿ ಗ್ಯಾಸ್ ಬಿಡ್ತದೆ. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ಉಪ್ಪೇ ಭರಣಿಯಲ್ಲಿ ನೀರಾಗ್ತದೆ, ಇನ್ನು ಇದು ಉಳೀತದಾ? ನಾನೂ ಒಂದು ಮಳೆಗಾಲ ಮನೆಗೆ ನೆಂಟರು ಬಂದಾಗ ಇಂಥದ್ದೇ ಹಳೇ ಡಬ್ಬಿ ನಂಬಿ ಇಡೀ ಪಾತ್ರೆ ಹಿಟ್ಟು ಹಾಳು ಮಾಡಿದ್ದೇನೆ, ಅದಕ್ಕೆ ಇಷ್ಟು ಹೇಳುವುದು. ಅರ್ಧ ಟೀಸ್ಪೂನ್ ಪೌಡರ್ ಲೋಟದಲ್ಲಿ ಹಾಕಿ ಬಿಸಿನೀರು ಹೊಯ್ದು ನೋಡು. ಬುಸ್ ಅಂತ ನೊರೆ ಏಳ್ಬೇಕು, ಸುಮ್ನೆ ಕೂತ್ರೆ ಬಿಸಾಡು. ಹೊಸದು ತಗೊಳ್ಳುವಾಗ ಸಣ್ಣ ಡಬ್ಬಿಯೇ ತಗೊ, ಒದ್ದೆ ಚಮಚ ಹಾಕ್ಬೇಡ.

(ಈ ಪೌಡರ್ ಬಂದ ಕತೆ ಚೆಂದ ಉಂಟು. 1843ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಅನ್ನುವವರು ಹೆಂಡತಿಗೆ ಯೀಸ್ಟ್ ಆಗ್ತಿರಲಿಲ್ಲ ಅಂತ ಮಾಡಿದ್ದಂತೆ.)

ಬೇಕಿಂಗ್ ಪೌಡರ್ ಇಲ್ಲದೆಯೂ ಆಗ್ತದೆ. ಒಂದು ಕಪ್ ಮೈದಾಕ್ಕೆ ಅರ್ಧ ಟೀಸ್ಪೂನ್ ಸೋಡಾ, ಒಂದು ಚಮಚ ಸಕ್ಕರೆ, ಉಪ್ಪು, ಒಂದು ಚಮಚ ಎಣ್ಣೆ, ಒಂದು ಕಪ್ ದಪ್ಪ ಹುಳಿ ಮಜ್ಜಿಗೆ. ಸೋಡಾಕ್ಕೆ ಹುಳಿ ಬೇಕೇ ಬೇಕು, ಬರೀ ಹಾಲಿಗೆ ಹಾಕಿದ್ರೆ ಸಾಬೂನಿನ ರುಚಿ. ಇದನ್ನು ಮಾತ್ರ ಕಲಸಿ ಇಡ್ಬೇಡ, ಕಲಸಿದ ಕೂಡ್ಲೆ ಎರೀಬೇಕು, ಇಲ್ಲದಿದ್ರೆ ಗ್ಯಾಸ್ ಎಲ್ಲ ಪಾತ್ರೆಯಲ್ಲೇ ಹೋಗ್ತದೆ. ಕೊಂಕಣಿಯವರ ಮನೆಯ ಸುರ್ನಳಿ ದೋಸೆ ತಿಂದಿದ್ರೆ ನಿಂಗೆ ಗೊತ್ತಾದೀತು, ಮಜ್ಜಿಗೆಯ ಹುಳಿಗೆ ಬೆಲ್ಲದ ಸಿಹಿ ಎಷ್ಟು ಚೆಂದ ಕೂಡ್ತದೆ ಅಂತ. ಇಂಡಕ್ಷನ್ ಕಡಿಮೆಯಲ್ಲೇ ಇಡು, ಅದು ನಡುವಲ್ಲಿ ಬೇಗ ಕಾಯುವ ಕಾರಣ ಒಂದೊಂದೇ ಸಣ್ಣದ್ದು ಹಾಕು.

ಪ್ರಶ್ನೆ: ಬಾಳೆಹಣ್ಣು ಕಪ್ಪಾಗಿದೆ, ಬನ್ಸ್ ಮಾಡುವಾ ಅಂದ್ರೆ ಯಜಮಾನರಿಗೆ ಡಾಕ್ಟ್ರು ಎಣ್ಣೆಯಲ್ಲಿ ಕರಿದದ್ದು ಬೇಡ ಅಂದಿದ್ದಾರೆ.
– ಗೃಹಿಣಿ, ಕಾಪು

ಉತ್ತರ: ಕಪ್ಪಾದ್ರೆ ಒಳ್ಳೇದೇ, ಸಿಹಿ ಜಾಸ್ತಿ, ಸಕ್ಕರೆ ಹಾಕುದೇ ಬೇಡ. ಬನ್ಸಿನ ಬದಲು ಕಾವಲಿಯಲ್ಲಿ ಪ್ಯಾನ್‌ಕೇಕ್ ಮಾಡಿ. ಒಂದು ದೊಡ್ಡ ಹಣ್ಣು ಕಿವುಚಿ, ಅರ್ಧ ಕಪ್ ಮೊಸರು, ಒಂದು ಕಪ್ ಗೋಧಿಹಿಟ್ಟು, ಕಾಲು ಟೀಸ್ಪೂನ್ ಸೋಡಾ, ಉಪ್ಪು, ಬನ್ಸಿಗೆ ಹಾಕುವ ಹಾಗೆ ಸ್ವಲ್ಪ ಜೀರಿಗೆ. ಗೋಧಿ ನೀರು ಜಾಸ್ತಿ ಕುಡೀತದೆ, ಹಾಲು ನೋಡ್ಕೊಂಡು ಸೇರಿಸಿ. ಹಣ್ಣಿನ ಸಿಹಿ ಬೇಗ ಕರಟುವ ಕಾರಣ ಬೆಂಕಿ ಇನ್ನೂ ಸಣ್ಣ ಇರ್ಲಿ, ಮುಚ್ಚಳ ಮುಚ್ಚಿ. ಒಂದಕ್ಕೆ ಕಾಲು ಚಮಚ ಎಣ್ಣೆ ಸಾಕಾಗ್ತದೆ, ಆದ್ರೆ ಅವರಿಗೆ ಶುಗರ್ ಕೂಡ ಇದ್ರೆ ಹಣ್ಣಿನ ಲೆಕ್ಕ ಡಾಕ್ಟ್ರತ್ರ ಒಂದು ಮಾತು ಕೇಳಿಯೇ ಮಾಡಿ.