ಐಸಿಡಿ ಶಾಕ್ ಕೊಡುವ ಮೊದಲು ಕಾಯಬಹುದೇ?

ಪ್ರಶ್ನೆ: ಹೃದಯಾಘಾತದ ನಂತರ ನನ್ನ ತಂದೆಯವರ ಹೃದಯದ ಪಂಪ್ ಮಾಡುವ ಶಕ್ತಿ ತೀರಾ ಕುಗ್ಗಿದ್ದರಿಂದ ಮುನ್ನೆಚ್ಚರಿಕೆಯಾಗಿ ಐಸಿಡಿ (ಹೃದಯದ ಲಯ ಮಾರಕವಾಗಿ ಕೆಟ್ಟರೆ ಶಾಕ್ ಕೊಟ್ಟು ಸರಿಪಡಿಸುವ, ದೇಹದೊಳಗಿಡುವ ಸಾಧನ) ಅಳವಡಿಸಿದ್ದಾರೆ. ಈಚೆಗೆ ಮೆಟ್ಟಿಲು ಹತ್ತುವಾಗ, ಪೂರ್ಣ ಎಚ್ಚರದಲ್ಲಿದ್ದಾಗಲೇ ಶಾಕ್ ಹೊಡೆಯಿತು. ಅದು ಬೇಕಿರದ ಶಾಕ್ ಎಂದು ವೈದ್ಯರು ಹೇಳಿ, ಇನ್ನು ಮುಂದೆ ಸಾಧನವು ಸ್ವಲ್ಪ ಕಾಯುವಂತೆ ಸೆಟ್ಟಿಂಗ್ ಬದಲಿಸಿದ್ದಾರೆ. ಜೀವ ಉಳಿಸಬೇಕಾದ ಯಂತ್ರವನ್ನು ಕಾಯಿಸುವುದು ಅಪಾಯವಲ್ಲವೇ?

ಉತ್ತರ: ಕಾದರೆ ಅಪಾಯ ಎಂಬ ನಂಬಿಕೆ ಬಹುಕಾಲ ವೈದ್ಯರಲ್ಲಿಯೂ ಇತ್ತು. ಮಾನವನ ದೇಹದಲ್ಲಿ ಈ ಸಾಧನವನ್ನು ಮೊದಲು ಅಳವಡಿಸಿದ್ದು 1980ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಆ ಬಳಿಕ ಹಲವು ವರ್ಷ, ಬಡಿತ ನಿಮಿಷಕ್ಕೆ 170ರ ಆಸುಪಾಸಿನ ಮಿತಿ ದಾಟಿ ಕೆಲವೇ ಸೆಕೆಂಡು ಕಳೆಯುವುದರೊಳಗೆ ಚಿಕಿತ್ಸೆ ಆರಂಭವಾಗುವಂತೆ ಹೊಂದಿಸುವುದೇ ವಾಡಿಕೆಯಾಗಿತ್ತು. ಆದರೆ ಐಸಿಡಿ ಮುಖ್ಯವಾಗಿ ನೋಡುವುದು ಬಡಿತದ ವೇಗವನ್ನು. ಏಟ್ರಿಯಲ್ ಫಿಬ್ರಿಲೇಷನ್‌ನಂತೆ ಹೃದಯದ ಮೇಲಿನ ಕೋಣೆಗಳಲ್ಲಿ ಹುಟ್ಟುವ ಲಯದೋಷವಿರಲಿ, ಶ್ರಮದಿಂದ ಸಹಜವಾಗಿ ಏರಿದ ಬಡಿತವಿರಲಿ, ಮಿತಿ ದಾಟಿದರೆ ಅದನ್ನು ಕೆಳಕೋಣೆಯ ಮಾರಕ ಲಯವೆಂದು ಸಾಧನವು ತಪ್ಪಾಗಿ ತಿಳಿಯಬಹುದು. ನಿಜವಾಗಿಯೂ ಕೆಳಕೋಣೆಯಲ್ಲಿಯೇ ಹುಟ್ಟಿದ ವೇಗದ ಲಯಗಳಲ್ಲಿಯೂ ಎಷ್ಟೋ ಕೆಲವು ಸೆಕೆಂಡುಗಳಲ್ಲಿ ತಾವಾಗಿಯೇ ನಿಲ್ಲುತ್ತವೆ.

ಈ ಆತುರದ ಬೆಲೆಯೇನೆಂದು ಸ್ಪಷ್ಟವಾಗಿ ತೋರಿಸಿದ್ದು 2012ರಲ್ಲಿ ಪ್ರಕಟವಾದ ‘ಮ್ಯಾಡಿಟ್-ಆರ್‌ಐಟಿ’ ಅಧ್ಯಯನ. ನಿಮ್ಮ ತಂದೆಯವರಂತೆ ಮುನ್ನೆಚ್ಚರಿಕೆಗಾಗಿ ಐಸಿಡಿ ಪಡೆದ 1,500 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಹಳೆಯ ಕ್ರಮವನ್ನು, ಇನ್ನೊಂದಕ್ಕೆ 200 ಮುಟ್ಟಿದ ಮೇಲಷ್ಟೇ ಚಿಕಿತ್ಸೆಯನ್ನು, ಮತ್ತೊಂದಕ್ಕೆ ವೇಗಕ್ಕೆ ತಕ್ಕಂತೆ ಹೆಚ್ಚು ಹೊತ್ತು ಕಾಯುವ ಕ್ರಮವನ್ನು ನಿಗದಿಪಡಿಸಲಾಯಿತು. ಕಾಯುವ ಗುಂಪಿನಲ್ಲಿ 170ರಿಂದ 199ರವರೆಗಿನ ಬಡಿತಕ್ಕೆ 60 ಸೆಕೆಂಡು, 200ರಿಂದ 249ರವರೆಗೆ 12 ಸೆಕೆಂಡು ಗಡುವಿತ್ತು. 250ಕ್ಕೆ ಏರಿದರೆ ಕೇವಲ ಎರಡೂವರೆ ಸೆಕೆಂಡು. ಹೊಸ ಕ್ರಮಗಳೆರಡರಲ್ಲಿಯೂ ಮೊದಲ ಅನಗತ್ಯ ಚಿಕಿತ್ಸೆಯ ಸಂಭವ ಮುಕ್ಕಾಲು ಪಾಲಿಗಿಂತ ಹೆಚ್ಚು ತಗ್ಗಿತು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ಮುಂದಿನ ಅಂಶದಲ್ಲಿ: ಪ್ರಜ್ಞೆ ತಪ್ಪುವ ಪ್ರಸಂಗಗಳು ಗಮನಾರ್ಹವಾಗಿ ಹೆಚ್ಚಲಿಲ್ಲ, ಮತ್ತು ಮಿತಿಯನ್ನು 200ಕ್ಕೆ ಏರಿಸಿದ ಗುಂಪಿನಲ್ಲಿ ಸಾವಿನ ಅಪಾಯ ಅರ್ಧಕ್ಕಿಂತಲೂ ಕೆಳಗಿಳಿಯಿತು. 2015ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಶಿಫಾರಸು ಕೂಡ ಇಂಥ ರೋಗಿಗಳಿಗೆ ಚಿಕಿತ್ಸೆಯ ಕೆಳಮಿತಿ 185ರಿಂದ 200ರ ನಡುವೆ ಇರಲಿ, ವೇಗದ ಲಯ ಕನಿಷ್ಠ 6ರಿಂದ 12 ಸೆಕೆಂಡು ಅಥವಾ 30 ಬಡಿತಗಳಷ್ಟು ಮುಂದುವರಿದ ಮೇಲೆ ಚಿಕಿತ್ಸೆ ಆರಂಭವಾಗಲಿ ಎನ್ನುತ್ತದೆ.

ಕಾಯುವುದೊಂದೇ ಉಪಾಯವಲ್ಲ. ಲಯದ ಅಲೆಯ ಆಕಾರ, ಅದು ಹಠಾತ್ತಾಗಿ ಶುರುವಾಯಿತೋ ಕ್ರಮೇಣ ಏರಿತೋ ಎಂಬುದು, ಬಡಿತಗಳ ನಡುವಿನ ಅಂತರದ ಸ್ಥಿರತೆ ಇವನ್ನು ಪರಿಶೀಲಿಸುವ ಸೌಲಭ್ಯ ಸಾಧನದಲ್ಲಿಯೇ ಇರುತ್ತದೆ. ಅದನ್ನು ಚಾಲೂ ಮಾಡಿ, ಸರಿಯಾದ ವೇಗದ ವ್ಯಾಪ್ತಿಗೆ ಹೊಂದಿಸಿರಬೇಕು. ಶಾಕ್‌ಗೆ ಮುನ್ನ ನೋವಿಲ್ಲದ ವೇಗದ ಪೇಸಿಂಗ್‌ನಿಂದ (ಹೃದಯಕ್ಕೆ ಕಳಿಸುವ ಸಣ್ಣ ವಿದ್ಯುತ್ ಮಿಡಿತಗಳಿಂದ) ಲಯವನ್ನು ತಡೆಯಲು ಯತ್ನಿಸುವಂತೆಯೂ ಹೊಂದಿಸಬಹುದು.

ಆದರೆ ಈ ಅಂಕಿಗಳು ಎಲ್ಲರಿಗೂ ಅನ್ವಯವಾಗುವುದಿಲ್ಲ. ಈಗಾಗಲೇ 150ರ ವೇಗದಲ್ಲಿ ಕೆಳಕೋಣೆಯ ಲಯದೋಷ ಕಾಣಿಸಿಕೊಂಡವರಿಗೆ ಮಿತಿಯನ್ನು 200ಕ್ಕೆ ಇಟ್ಟರೆ ಸಾಧನವು ಅದನ್ನು ಗುರುತಿಸುವುದೇ ಇಲ್ಲ. ಅಮಿಯೊಡರೋನ್‌ನಂಥ ಔಷಧ ಲಯವನ್ನು ನಿಧಾನಗೊಳಿಸುವುದರಿಂದ ಅದನ್ನು ಆರಂಭಿಸಿದಾಗಲೂ ಮಿತಿಯನ್ನು ಮರುಪರಿಶೀಲಿಸಬೇಕಾಗುತ್ತದೆ. ಲೀಡ್ (ಸಾಧನವನ್ನು ಹೃದಯಕ್ಕೆ ಜೋಡಿಸುವ ತಂತಿ) ಮುರಿದು ಸುಳ್ಳು ಸಂಕೇತ ಬರುತ್ತಿದ್ದರಂತೂ ಪ್ರೋಗ್ರಾಮಿಂಗ್ ಮಾತ್ರದಿಂದ ದೋಷ ನೀಗದು, ಲೀಡನ್ನೇ ಸರಿಪಡಿಸಬೇಕು. ಆದ್ದರಿಂದ ಮುಂದಿನ ತಪಾಸಣೆಯಲ್ಲಿ, ಆ ದಿನ ಸಾಧನದಲ್ಲಿ ದಾಖಲಾದದ್ದು ಯಾವ ಲಯ, ಈಗಿನ ಮಿತಿ ಎಷ್ಟು, ಕಾಯುವ ಅವಧಿ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಮತ್ತೆ ಶಾಕ್ ಬಂದರೆ ಏನು ಮಾಡಬೇಕು? ಮನೆಯಲ್ಲಿ ಅಯಸ್ಕಾಂತ ಇಟ್ಟುಕೊಳ್ಳಬಹುದೇ?

ಉತ್ತರ: ಒಂದೇ ಶಾಕ್ ಬಂದು ಆರಾಮವಾಗಿದ್ದರೆ ಚಿಕಿತ್ಸಾಲಯಕ್ಕೆ ತಿಳಿಸಿ, ಬೇಗನೆ ಸಾಧನವನ್ನು ಪರೀಕ್ಷೆ ಮಾಡಿಸಿ. ಒಂದರ ಹಿಂದೊಂದು ಶಾಕ್ ಬಂದರೆ, ಅಥವಾ ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವಿಕೆ ಇದ್ದರೆ ತಕ್ಷಣ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು. ಅಯಸ್ಕಾಂತವನ್ನು ಮೇಲಿಟ್ಟಾಗ ಸಾಮಾನ್ಯವಾಗಿ ಅನಗತ್ಯ ಶಾಕ್ ಜೊತೆಗೆ ಅಗತ್ಯವಾದ ಶಾಕ್ ಕೂಡ ನಿಲ್ಲುತ್ತದೆ. ಆದುದರಿಂದ ಇಸಿಜಿ ನೋಡುತ್ತಾ, ಹೊರಗಿನಿಂದ ಶಾಕ್ ಕೊಡುವ ಡಿಫಿಬ್ರಿಲೇಟರ್ ಯಂತ್ರವನ್ನು ಸಿದ್ಧವಿಟ್ಟುಕೊಂಡ ವೈದ್ಯಕೀಯ ಸಿಬ್ಬಂದಿಯೇ ಅದನ್ನು ಬಳಸಬೇಕು.