ಅಷ್ಟೂರಿನ ಒಡೆದ ಗುಂಬಜ್ ಅಷ್ಟೇ ಬೀದರಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಬೀದರಿನವಳು, ಕೆಲಸ ಬೆಂಗಳೂರಲ್ಲಿ. ಬೀದರ್ ಅಂದ ತಕ್ಷಣ ಆಫೀಸಿನ ಗೆಳತಿಯರು ಊರ ಪಕ್ಕದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳಲ್ಲಿ ಒಂದರ ಒಡೆದ ಗುಂಬಜಿನ ಫೋಟೊ ತೋರಿಸಿ, ‘ನಿಮ್ಮೂರು ಪೂರಾ ಪಾಳು ಬಿದ್ದಿದೆ ಅಲ್ವಾ’ ಅಂತಾರೆ. ಬೇಜಾರಾಗುತ್ತದೆ. ಊರಿನ ಗುರುತನ್ನು ಇನ್‌ಸ್ಟಾಗ್ರಾಮ್ ಫೋಟೊಗಳೇ ತೀರ್ಮಾನ ಮಾಡಿಬಿಡ್ತಾವಾ? ನಾವು ಇಂಥ ಫೋಟೊ ಹಾಕೋದನ್ನೇ ಬಿಡಬೇಕಾ?

ಉತ್ತರ: ಬಿಡಬೇಡ ತಂಗಿ, ಇನ್ನೂ ಜಾಸ್ತಿ ಹಾಕು.

ಆ ಫೋಟೊ ಸುಳ್ಳಲ್ಲ. ಹುಮಾಯೂನ್ ಷಾ ಬಹಮನಿಯ ಗೋರಿಗೆ ಸಿಡಿಲು ಬಡಿದು ಗುಂಬಜ್ ಸೀಳಿತು. ಸಂಜೆ ಬಿಸಿಲಲ್ಲಿ ಯಾರು ತೆಗೆದರೂ ಅದು ಚೆನ್ನಾಗಿ ಬರುತ್ತದೆ. ಚೆನ್ನಾಗಿ ಬಂದದ್ದಕ್ಕೆ ಲೈಕ್ ಬೀಳುತ್ತದೆ, ಲೈಕ್ ಬಿದ್ದದ್ದನ್ನೇ ಆ್ಯಪ್ ಇನ್ನಷ್ಟು ಜನಕ್ಕೆ ತೋರಿಸುತ್ತದೆ, ಅದನ್ನು ನೋಡಿ ಬಂದವರು ಅಲ್ಲೇ ನಿಂತು ಅದನ್ನೇ ತೆಗೆಯುತ್ತಾರೆ. ಹೀಗೆ ಒಂದು ಗೋರಿಯೇ ಇಡೀ ಊರಾಗಿಬಿಟ್ಟಿದೆ.

ಆದರೆ ಅದರ ಸಾಲಿನಲ್ಲೇ ಅಹ್ಮದ್ ಷಾ ವಲಿಯ ಗುಂಬಜ್ ಇದೆಯಲ್ಲ, ಅದರ ಒಳಗೆ ಎಷ್ಟು ಜನ ಹೋಗುತ್ತಾರೆ? ಒಳಗೆ ಕತ್ತಲೆ. ಸ್ವಲ್ಪ ಹೊತ್ತು ಸುಮ್ನೆ ನಿಂತರೆ ಗೋಡೆ ಮತ್ತು ಮಾಡಿನ ಮೇಲಿನ ಕೆಂಪು, ಬಂಗಾರದ ಬಣ್ಣದ ಚಿತ್ತಾರ ನಿಧಾನಕ್ಕೆ ಕಾಣತೊಡಗುತ್ತದೆ. ಅಲ್ಲಿ ಹೋಳಿ ಆಸುಪಾಸಿನಲ್ಲಿ ಉರುಸು ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಈ ಸುಲ್ತಾನನನ್ನು ಅಲ್ಲಮಪ್ರಭುವಿನ ಅವತಾರ ಅಂತ ನಂಬುವ ಲಿಂಗಾಯತರು, ವಲಿ, ಅಂದರೆ ಸಂತ ಅಂತ ನಂಬುವ ಮುಸ್ಲಿಮರು ಒಂದೇ ಗೋರಿಗೆ ಕೈ ಮುಗಿಯುತ್ತಾರೆ. ಪಾಳು ಬಿದ್ದ ಜಾಗದಲ್ಲಿ ಹೀಗೆ ನಡೆಯುತ್ತದಾ ಹೇಳು? ಗೆಳತಿಯರಿಗೆ ತೋರಿಸಬೇಕಾದ ಫೋಟೊ ಇದು. ಮುಂದಿನ ಹೋಳಿಗೆ ರಜೆ ಹಾಕಿ ಊರಿಗೆ ಬಾ, ಜನ ಒಪ್ಪಿದರೆ ಅವರನ್ನೂ ಸೇರಿಸಿ ತೆಗೆ.

ಫೋಟೊ ಕೆಳಗೆ ಎರಡು ಸಾಲು ಬರೆಯುವುದನ್ನು ಮಾತ್ರ ಮರೆಯಬೇಡ. ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಒಂಟಿ ಮಿನಾರಿನ ಫೋಟೊ ಕೆಳಗೆ ಬರೀ ‘ಬೀದರ್ ವೈಬ್ಸ್’ ಅಂತ ಹಾಕಿದರೆ ನೋಡುವವರಿಗೆ ಏನು ತಿಳಿಯಬೇಕು? ಇದು 1472ರ ಕಾಲೇಜು, ಮುಂಭಾಗದಲ್ಲಿ ಎರಡು ಮಿನಾರ್ ಇದ್ದವು, 1696ರಲ್ಲಿ ಕೋವಿಮದ್ದು ಸಿಡಿದು ಒಂದು ಬಿತ್ತು, ಗೋಡೆಯ ನೀಲಿ ಹೆಂಚು ಅಲ್ಲಲ್ಲಿ ಇನ್ನೂ ಉಳಿದಿದೆ. ಇಷ್ಟು ಬರೆದರೆ ಅದೇ ಫೋಟೊ ಬೇರೆಯಾಗಿ ಕಾಣುತ್ತದೆ.

ಬಿದ್ರಿ ಕೆಲಸದವರನ್ನೂ ಕೇಳಿ ತೆಗೆ. ಸತು-ತಾಮ್ರದ ಪಾತ್ರೆಗೆ ಆ ಕಪ್ಪು ಬಣ್ಣ ಬರುವುದು ನಮ್ಮ ಕೋಟೆಯ ಮಣ್ಣಿಂದ. ಕೋಟೆ ಇವತ್ತಿಗೂ ಒಂದು ಕಸುಬನ್ನು ಸಾಕುತ್ತಿದೆ ಅನ್ನುವುದು ನನಗಂತೂ ಗುಂಬಜಿಗಿಂತ ದೊಡ್ಡ ಸುದ್ದಿ. ನೌಬಾದಿನ ಸುರಂಗ ಬಾವಿಯೂ ಇದೆ. ನೆಲದಡಿಯಲ್ಲಿ ನೀರು ಹರಿಸಿದ ಆ ಕರೇಜ್ ಫೋಟೊದಲ್ಲಿ ಚೆಂದ ಬರುವುದಿಲ್ಲ, ಅದಕ್ಕೇ ಯಾರೂ ಹಾಕುವುದಿಲ್ಲ. ನೀನು ಹಾಕು.

ಪ್ರಶ್ನೆ: ಮೇಡಂ, ಅಷ್ಟೂರಲ್ಲಿ ಪ್ರೀ-ವೆಡ್ಡಿಂಗ್ ಶೂಟ್ ಮಾಡಿಸಿದರೆ ತಪ್ಪಾ?

ಉತ್ತರ: ತಪ್ಪೇನಿಲ್ಲಪ್ಪ. ಆದರೆ ಇವು ಪುರಾತತ್ವ ಇಲಾಖೆಯವರು ಕಾಯುವ ಕಟ್ಟಡಗಳು. ಟ್ರೈಪಾಡ್, ಲೈಟು ತರುವುದಿದ್ದರೆ ಮೊದಲೇ ಅನುಮತಿ ತಗೊಳ್ಳಿ. ಗೋರಿ ಮೇಲೆ ಕೂತು ಪೋಸ್ ಕೊಡಬೇಡಿ. ವಲಿಯ ಗುಂಬಜಿನೊಳಗೆ ಹರಕೆ ಹೊತ್ತು ಬಂದವರು ಇರುತ್ತಾರೆ, ಅವರು ಕೈ ಮುಗಿದು ಹೊರಗೆ ಬರುವವರೆಗೆ ಕ್ಯಾಮೆರಾ ಚೀಲದಲ್ಲೇ ಇರಲಿ.